ಗಲ್ಲಿಯಲ್ಲಿ ಪುಡಿ ಕೈ ಬದಲಾಗುತ್ತಿದೆ, ಪೊಲೀಸರಿಗೆ ಏನಂತ ಹೇಳಲಿ?

ಪ್ರಶ್ನೆ: ಮುಂಬೈ ಪೂರ್ವ ಉಪನಗರದ ಒಂದು ಸೊಸೈಟಿಯಲ್ಲಿ ನಾವು ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಊರು ಕುಂದಾಪುರದ ಕಡೆ. ನಮ್ಮ ಬಿಲ್ಡಿಂಗ್ ಹಿಂದೆ ನಾಲಾ ಪಕ್ಕ ಒಂದು ಗಲ್ಲಿ ಇದೆ. ಸಂಜೆ ಏಳಾದರೆ ಹುಡುಗರು ಸೇರುತ್ತಾರೆ. ಕುಡಿತ, ಕೂಗಾಟ, ಸೈಲೆನ್ಸರ್ ತೆಗೆದ ಬೈಕು. ನಾಲ್ಕೈದು ತಿಂಗಳಿಂದ ಚಿಕ್ಕ ಪುಡಿ ಪ್ಯಾಕೆಟ್ ಕೈ ಬದಲಾಗುವುದನ್ನೂ ಕಿಟಕಿಯಿಂದ ನೋಡಿದ್ದೇವೆ. ಫೋನ್ ಮಾಡಿದರೆ ಪೊಲೀಸ್ ಗಾಡಿ ಬರುತ್ತದೆ, ಹುಡುಗರು ಓಡುತ್ತಾರೆ, ಅರ್ಧ ಗಂಟೆಗೆ ಮತ್ತೆ ಅಲ್ಲೇ. ಠಾಣೆಗೆ ಹೋದರೆ ‘ಡ್ರಗ್ಸ್ ಕೆಲಸಕ್ಕೆ ಬೇರೆ ವಿಭಾಗ ಇದೆ, ಪುರಾವೆ ಇದ್ದರೆ ತನ್ನಿ’ ಅಂದರು. ಮನೆಯವರು ‘ನಮಗ್ಯಾಕೆ ಈ ಲಫಡಾ’ ಅನ್ನುತ್ತಾರೆ. ನನ್ನ ಮಗನಿಗೆ ಹದಿನೇಳು. ಅಲ್ಲಿ ಕೂರುವ ಒಬ್ಬ ಹುಡುಗ ಅವನ ಕ್ರಿಕೆಟ್ ಗೆಳೆಯ. ಪೊಲೀಸರು ಮೊದಲು ಯಾವುದಕ್ಕೆ ಕೈ ಹಾಕಬೇಕು? ನಮ್ಮಿಂದ ಏನಾಗುತ್ತದೆ? (ಹೆಸರು, ಜಾಗ ಬೇಡ ಎಂದಿದ್ದಾರೆ.)

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ‘ಹುಡುಗರು’ ಅನ್ನುವ ಒಂದು ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಆ ಗಲ್ಲಿಯಲ್ಲಿ ಇರುವುದು ಒಂದು ಗುಂಪಲ್ಲ, ಮೂರು. ಕೂಗಾಡುವವರು ಒಂದು ಗುಂಪು. ಸೇದುವವರು, ಪುಡಿ ಎಳೆಯುವವರು ಇನ್ನೊಂದು. ಮಾರುವವನು ಬೇರೆಯೇ. ಅವನು ಕೂಗುವುದಿಲ್ಲ, ಕುಡಿಯುವುದಿಲ್ಲ, ಹೆಚ್ಚು ಹೊತ್ತು ಕೂರುವುದೂ ಇಲ್ಲ. ಬರುತ್ತಾನೆ, ಹತ್ತು ನಿಮಿಷ ಇರುತ್ತಾನೆ, ಹೋಗುತ್ತಾನೆ. ನಿಮ್ಮ ಫೋನಿಗೆ ಗಾಡಿ ಬರುವಷ್ಟರಲ್ಲಿ ಅವನು ಆ ಜಾಗದಲ್ಲೇ ಇಲ್ಲ. ಸಿಕ್ಕಿಬೀಳುವವರು ಮೊದಲ ಎರಡು ಗುಂಪಿನವರು ಮಾತ್ರ.

ಮುಂಬೈ ಪೊಲೀಸ್‌ನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಮೂವರನ್ನೂ ಒಂದೇ ಲಾಠಿಯಲ್ಲಿ ಓಡಿಸಿದ ತಪ್ಪು ನನ್ನದೂ ಇದೆ. ಒಂದು ಠಾಣೆಯಲ್ಲಿ ಇದ್ದಾಗ ದೂರು ಜಾಸ್ತಿ ಆಗಿ, ಒಂದು ಶನಿವಾರ ರಾತ್ರಿ ಹತ್ತೊಂಬತ್ತು ಹುಡುಗರನ್ನು ಎತ್ತಿಕೊಂಡು ಬಂದೆವು. ಏಳು ಮಂದಿಯ ಮೇಲೆ ಗಾಂಜಾ ಸೇದಿದ ಕೇಸು ಹಾಕಿದೆವು. ಆ ತಿಂಗಳ ಲೆಕ್ಕ ಚೆನ್ನಾಗಿ ಕಂಡಿತು. ಮಾರುವವನು ಮಂಗಳವಾರ ಮತ್ತೆ ಅದೇ ಗೋಡೆಗೆ ಒರಗಿ ನಿಂತಿದ್ದ. ಆ ಏಳರಲ್ಲಿ ಒಬ್ಬ ಹುಡುಗನಿಗೆ ದುಬೈ ಕೆಲಸಕ್ಕೆ ಪಾಸ್‌ಪೋರ್ಟ್ ಆಗಬೇಕಿತ್ತು. ಕೇಸು ಬಾಕಿ ಇದೆ ಅಂತ ನಿಂತುಹೋಯಿತು. ಅವನ ತಾಯಿ ಚೌಕಿಗೆ ಬಂದು ಬೆಂಚಿನ ಮೇಲೆ ಎರಡು ಗಂಟೆ ಸುಮ್ನೆ ಕೂತಿದ್ದರು. ಬೈಯಲಿಲ್ಲ. ಅದು ನನಗೆ ಇವತ್ತಿಗೂ ನೆನಪಿದೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಪೊಲೀಸರ ಕೈ ಮೊದಲು ಮಾರುವವನ ಮೇಲೆ ಬೀಳಬೇಕು. ಅವನು ನಿಲ್ಲುವ ಜಾಗದ ಮೇಲೆ, ಅವನು ಬರುವ ಹೊತ್ತಿನ ಮೇಲೆ ಬೀಳಬೇಕು. ಸೇದುವವನಿಗೆ ಬೇಕಾಗಿರುವುದು ಆಸ್ಪತ್ರೆ. ಕೂಗಾಡುವವನಿಗೆ ಒಂದು ದಂಡ, ಒಂದು ಎಚ್ಚರಿಕೆ, ಮನೆಯವರ ಕಿವಿಗೆ ಒಂದು ಮಾತು ಸಾಕು. ಠಾಣೆಯಲ್ಲಿ ಇದು ತಲೆಕೆಳಗಾಗುವುದಕ್ಕೆ ಕಾರಣ ಇದೆ. ಸೇದುವವನು ಕೈಗೆ ಸುಲಭವಾಗಿ ಸಿಗುತ್ತಾನೆ, ಕೇಸಿನ ಸಂಖ್ಯೆ ಏರುತ್ತದೆ. ಮಾರುವವನನ್ನು ಹಿಡಿಯಲು ಮೂರು ವಾರ ಕಾಯಬೇಕು, ಆ ಮೂರು ವಾರ ಕಾಗದದ ಮೇಲೆ ಏನೂ ಕಾಣುವುದಿಲ್ಲ. ನೀವು ಕೊಡುವ ದೂರು ಆ ಕಾಯುವಿಕೆಗೆ ಬಲ ಕೊಡುವಂತೆ ಇರಬೇಕು.

ಗಾಡಿ ಬಂದು ಹೋಗುವ ವಿಷಯ ನೋಡೋಣ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972-73ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಬೀಟ್‌ಗಳಲ್ಲಿ ಗಸ್ತು ಗಾಡಿಗಳನ್ನು ಹೆಚ್ಚಿಸಿದರು, ಕೆಲವು ಕಡೆ ಗಸ್ತನ್ನೇ ತೆಗೆದರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆಮೇಲೆ ಮಿನಿಯಾಪೊಲಿಸ್ ನಗರದ ಫೋನ್ ಕರೆಗಳ ಲೆಕ್ಕ ತೆಗೆದಾಗ, ಊರಿನ ನೂರಕ್ಕೆ ಮೂರು ವಿಳಾಸಗಳಿಂದಲೇ ಅರ್ಧದಷ್ಟು ಕರೆ ಬರುತ್ತಿದ್ದವು. ಅದೇ ಊರಿನ ಇನ್ನೊಂದು ಅಧ್ಯಯನದಲ್ಲಿ ಮತ್ತೊಂದು ಸಂಗತಿ ಗೊತ್ತಾಯಿತು. ಪೊಲೀಸರು ಅಂಥ ಜಾಗದಲ್ಲಿ ಹತ್ತು ಹದಿನೈದು ನಿಮಿಷ ನಿಂತು ಹೋದರೆ ಅವರು ಹೋದ ಮೇಲೂ ಸ್ವಲ್ಪ ಹೊತ್ತು ಜಾಗ ತಣ್ಣಗಿರುತ್ತದೆ. ಹಾದು ಹೋದರೆ ಆ ಗುಣ ಇಲ್ಲ. ಮುಂಬೈಯ ಹಳೆ ಹವಲ್ದಾರರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಅವರು ಗಲ್ಲಿಯ ಬಾಯಲ್ಲಿ ನಿಂತು ಒಂದು ಕಟಿಂಗ್ ಚಾ ಕುಡಿದು, ಪಾನ್ ಟಪರಿಯವನನ್ನು ಮಾತಾಡಿಸಿ ಹೋಗುತ್ತಿದ್ದರು. ನೀವು ‘ಗಸ್ತು ಹೆಚ್ಚಿಸಿ’ ಅಂತ ಬರೆಯಬೇಡಿ. ‘ಬೀಟ್ ಮಾರ್ಷಲ್ ಬೈಕು ದಿನಾ ಏಳೂವರೆಯಿಂದ ಎಂಟೂವರೆ ಒಳಗೆ ಬೇರೆ ಬೇರೆ ಹೊತ್ತಿಗೆ ಬಂದು, ಗಲ್ಲಿಯ ಕೊನೆಯ ಕಂಬದ ಹತ್ತಿರ ಹದಿನೈದು ನಿಮಿಷ ನಿಲ್ಲಲಿ’ ಅಂತ ಬರೆಯಿರಿ. ಸೀನಿಯರ್ ಪಿಐ, ಅಂದರೆ ಠಾಣೆಯ ಮುಖ್ಯ ಇನ್‌ಸ್ಪೆಕ್ಟರ್, ಅದನ್ನು ಹಾಗೇ ಡ್ಯೂಟಿ ಪುಸ್ತಕಕ್ಕೆ ಇಳಿಸಬಹುದು.

ಆ ಹೊತ್ತು ಯಾವುದು ಅಂತ ಪೊಲೀಸರಿಗೆ ಹೇಗೆ ಗೊತ್ತಾಗಬೇಕು? ನಿಮ್ಮಿಂದ.

ಒಬ್ಬರು ಟೀಚರ್ ಇದ್ದರು. ನಮ್ಮವರೇ, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಚೌಕಿಗೆ ಬಂದು ನನ್ನ ಮೇಜಿನ ಮೇಲೆ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ ಇಟ್ಟರು. ಕೆಂಪು ಗೆರೆಯ ಎಡಕ್ಕೆ ತಾರೀಕು, ಬಲಕ್ಕೆ ಗಂಟೆ. ‘7.40, ಬೂದು ಸ್ಕೂಟರ್, ಒಬ್ಬನೇ, ಟೋಪಿ. ಸ್ಕೂಟರ್ ಬಂದ್ ಮಾಡಲಿಲ್ಲ. ಮೂವರು ಬಂದರು, ಒಬ್ಬೊಬ್ಬರೇ. 7.52 ಹೋದ.’ ಹೀಗೆ ಇಪ್ಪತ್ತಮೂರು ದಿನ. ಯಾರ ಹೆಸರೂ ಇಲ್ಲ, ಬೈಗುಳ ಇಲ್ಲ, ಅನುಮಾನ ಇಲ್ಲ. ಕಂಡಿದ್ದು ಮಾತ್ರ. ಪುಟ ತಿರುಗಿಸುತ್ತಾ ಹೋದರೆ ಸ್ಕೂಟರ್ ಬರುವುದು ವಾರಕ್ಕೆ ಮೂರೇ ದಿನ ಅಂತ ಕಾಣುತ್ತಿತ್ತು. ಇನ್ನೊಂದು ಸಾಲನ್ನು ನಾನು ಮೂರು ಸಲ ಓದಿದೆ: ‘ಹೋಗುವ ಮುಂಚೆ ಮೀಟರ್ ಬಾಕ್ಸಿನ ಬಾಗಿಲು ತೆಗೆದು ಮತ್ತೆ ಮುಚ್ಚಿದ.’

ಆ ಸಾಲಿನ ಬೆಲೆ ತಿಳಿಯಬೇಕಾದರೆ ಕಾನೂನಿನ ಒಂದು ಲೆಕ್ಕ ಗೊತ್ತಿರಬೇಕು. ಮಾದಕ ವಸ್ತುಗಳ ಕಾಯ್ದೆ, ಅಂದರೆ 1985ರ ಎನ್‌ಡಿಪಿಎಸ್, ಶಿಕ್ಷೆಯನ್ನು ತೂಕದ ಮೇಲೆ ಅಳೆಯುತ್ತದೆ. ಮುಂಬೈಯಲ್ಲಿ ಎಂಡಿ ಅಂತ ಕರೆಯುವ ಮೆಫೆಡ್ರೋನ್ 2015ರ ಫೆಬ್ರವರಿಯಲ್ಲಿ ಈ ಕಾಯ್ದೆಯ ಪಟ್ಟಿಗೆ ಸೇರಿತು. ಅದರಲ್ಲಿ 2 ಗ್ರಾಂವರೆಗೆ ಸಣ್ಣ ಪ್ರಮಾಣ. 50 ಗ್ರಾಂ ಮೇಲೆ ವ್ಯಾಪಾರದ ಪ್ರಮಾಣ. ಗಾಂಜಾಕ್ಕೆ 1 ಕಿಲೋ, 20 ಕಿಲೋ. ಬ್ರೌನ್ ಶುಗರ್ ಹೆರಾಯಿನ್ ಲೆಕ್ಕದಲ್ಲಿ ಬರುತ್ತದೆ, 5 ಗ್ರಾಂ, 250 ಗ್ರಾಂ. ಸಣ್ಣ ಪ್ರಮಾಣ ಆದರೆ ಹೆಚ್ಚೆಂದರೆ ಒಂದು ವರ್ಷ. ವ್ಯಾಪಾರದ ಪ್ರಮಾಣ ಆದರೆ ಕಡಿಮೆ ಅಂದರೂ ಹತ್ತು ವರ್ಷ, ಜಾಮೀನು ಸಿಗುವುದೇ ಕಷ್ಟ. ಮಾರುವವನಿಗೆ ಇದೆಲ್ಲ ಬಾಯಿಪಾಠ. ಅದಕ್ಕೇ ಅವನ ಜೇಬಿನಲ್ಲಿ ಯಾವತ್ತೂ ಒಂದೆರಡು ಪುಡಿ ಮಾತ್ರ ಇರುತ್ತದೆ. ಉಗುರಿನಷ್ಟು ಅಗಲದ ಜಿಪ್ ಕವರು, ಬೆರಳ ಸಂದಿಯಲ್ಲಿ ಅಡಗುತ್ತದೆ. ಉಳಿದಿದ್ದು ಮೀಟರ್ ಬಾಕ್ಸಿನಲ್ಲಿ, ಒಡೆದ ಡ್ರೈನೇಜ್ ಪೈಪಿನಲ್ಲಿ, ಚಕ್ರ ಇಲ್ಲದೆ ನಿಂತ ಭಂಗಾರ್ (ಗುಜರಿ) ರಿಕ್ಷಾದ ಸೀಟಿನ ಕೆಳಗೆ ಇರುತ್ತದೆ. ಜೇಬು ತಪಾಸಣೆ ಮಾಡಿದರೆ ಮರುದಿನ ಹೊರಗೆ ಬರುತ್ತಾನೆ. ಅಡಗಿಸಿದ ಜಾಗ ಸಿಕ್ಕರೆ, ಅದು ಅವನದೇ ಅಂತ ತೋರಿಸಲು ಆದರೆ, ಕೇಸಿನ ತೂಕವೇ ಬೇರೆ. ಟೀಚರ್ ಬರೆದ ಆ ಒಂದು ಸಾಲಿನಿಂದ ನಮಗೆ ಕಾಯಬೇಕಾದ ಜಾಗ ಗೊತ್ತಾಯಿತು.

ಹಾಗಂತ ನೀವು ಮೀಟರ್ ಬಾಕ್ಸ್ ತೆಗೆದು ನೋಡಲು ಹೋಗಬೇಡಿ. ಸಿಕ್ಕ ಪುಡಿಯನ್ನು ಮುಟ್ಟಲೇಬೇಡಿ, ಠಾಣೆಗೆ ತೆಗೆದುಕೊಂಡು ಹೋಗಲೇಬೇಡಿ. ‘ಪುರಾವೆ ತನ್ನಿ’ ಅಂದವರು ಯೋಚಿಸದೆ ಅಂದಿದ್ದಾರೆ. ಪುಡಿ ನಿಮ್ಮ ಕೈಯಲ್ಲಿದ್ದರೆ ಪ್ರಶ್ನೆ ನಿಮ್ಮ ಮೇಲೇ ಏಳುತ್ತದೆ. ಹುಡುಗರ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕುವುದೂ ಬೇಡ. ಎಂಬತ್ತು ಮನೆಯ ಗ್ರೂಪಿನಲ್ಲಿ ಯಾರ ತಮ್ಮ ಯಾರ ಗೆಳೆಯ ಅಂತ ಯಾರಿಗೆ ಗೊತ್ತು? ನೋಟ್‌ಬುಕ್ ಒಬ್ಬರ ಕೈಯಲ್ಲಿ ಮಾತ್ರ ಇರಲಿ.

ಇನ್ನು ಠಾಣೆಯವರ ‘ನಮ್ಮ ಕೆಲಸ ಅಲ್ಲ’ ಅನ್ನುವ ಮಾತು. ಮುಂಬೈ ಕ್ರೈಂ ಬ್ರಾಂಚ್‌ನಲ್ಲಿ ಆಂಟಿ ನಾರ್ಕೋಟಿಕ್ಸ್ ಸೆಲ್, ಅಂದರೆ ಮಾದಕ ವಸ್ತು ನಿಗ್ರಹ ವಿಭಾಗ ಇದೆ, ನಿಜ. ಆಜಾದ್ ಮೈದಾನ, ವರ್ಲಿ, ಬಾಂದ್ರಾ, ಘಾಟ್ಕೋಪರ್, ಕಾಂದಿವಲಿಯಲ್ಲಿ ಅದರ ಘಟಕಗಳಿವೆ. ಹಾಗಂತ ಠಾಣೆಯ ಕೈ ಕಟ್ಟಿಲ್ಲ. ನಿಮ್ಮ ಗಲ್ಲಿ ಸಾರ್ವಜನಿಕ ಜಾಗ. ಅಲ್ಲಿ ತಪಾಸಣೆ ಮಾಡಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಠಾಣೆಯ ಪಿಎಸ್‌ಐಗೂ ಇದೆ. ಬರೀ ಕಾನ್ಸ್‌ಟೇಬಲ್ ಒಬ್ಬನೇ ಮಾಡುವಂತಿಲ್ಲ, ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ನಾಶಿಕ್ ಹತ್ತಿರ ಶಿಂದೆ ಗ್ರಾಮದಲ್ಲಿ ಎಂಡಿ ತಯಾರಿಸುವ ಕಾರ್ಖಾನೆ ಸಿಕ್ಕಿತಲ್ವಾ? ಅದನ್ನು ಹಿಡಿದವರು ಸಾಕಿನಾಕಾ ಠಾಣೆಯವರು. ತಮ್ಮ ಹದ್ದಿನಲ್ಲಿ ಸಿಕ್ಕ ಅತಿ ಸಣ್ಣ ಮಾಲಿನಿಂದ ಶುರು ಮಾಡಿ, ಒಬ್ಬನಿಂದ ಇನ್ನೊಬ್ಬನಿಗೆ ಹೋಗಿ, ಕೊನೆಗೆ ನೂರು ಕಿಲೋಗೂ ಮೀರಿದ ಮಾಲಿನ ತನಕ ತಲುಪಿದರು. ಗಲ್ಲಿಯ ಪುಡಿಯನ್ನು ಸಣ್ಣದು ಅಂತ ಬಿಡಬಾರದು ಅನ್ನುವುದು ಇದಕ್ಕೇ. ಸೇದುವವನನ್ನು ಹಿಡಿದು ಅಲ್ಲಿಗೇ ಫೈಲ್ ಮುಚ್ಚಿದ್ದರೆ ನಾಶಿಕ್ ಕಾಣುತ್ತಲೇ ಇರಲಿಲ್ಲ.

ದೂರನ್ನು ಬಾಯಲ್ಲಿ ಹೇಳಿ ಬರಬೇಡಿ. ನಮ್ಮ ಜನ ಇಲ್ಲೇ ಸೋಲುವುದು. ನಲವತ್ತು ವರ್ಷ ಹೋಟೆಲ್ ನಡೆಸಿದವರೂ ಚೌಕಿಯ ಮೆಟ್ಟಿಲಲ್ಲಿ ಮರಾಠಿ ಬರೆಯಲು ಬರುವುದಿಲ್ಲ ಅಂತ ಹಿಂಜರಿಯುತ್ತಾರೆ. ಬಿಲ್ಡಿಂಗಿನ ಯಾವುದಾದರೂ ಕಾಲೇಜು ಹುಡುಗಿಯ ಹತ್ತಿರ ಒಂದು ಪುಟ ಬರೆಸಿ. ಹಿಂದಿ, ಇಂಗ್ಲಿಷ್ ಆದರೂ ನಡೆಯುತ್ತದೆ. ಸೀನಿಯರ್ ಪಿಐ ಹೆಸರಿಗೆ, ಸೊಸೈಟಿಯ ಲೆಟರ್‌ಹೆಡ್‌ನಲ್ಲಿ, ಕಮಿಟಿಯ ಸಹಿಯೊಂದಿಗೆ ಇರಲಿ. ಆಗ ಅದು ಒಬ್ಬರ ದೂರು ಆಗುವುದಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ ಒಂದರ ಮೇಲೆ ಆವಕ ನಂಬರು, ಠಾಣೆಯ ಮೊಹರು ಹಾಕಿಸಿಕೊಳ್ಳಿ. ಆ ಪತ್ರದಲ್ಲಿ ಗದ್ದಲ, ಕುಡಿತ, ಬೈಕು, ಕತ್ತಲು ಮಾತ್ರ ಇರಲಿ. ಪುಡಿಯ ವಿಷಯ, ಸ್ಕೂಟರಿನ ವಿಷಯ ಸೀನಿಯರ್ ಪಿಐ ಅಥವಾ ಎಸಿಪಿಯನ್ನು ಖುದ್ದಾಗಿ ಕಂಡು ಹೇಳಿ, ನೋಟ್‌ಬುಕ್ ತೋರಿಸಿ. ಹೋಗಲು ಹೆದರಿಕೆ ಆದರೆ 1933ಕ್ಕೆ ಫೋನ್ ಮಾಡಿ. ಅದು 2024ರ ಜುಲೈಯಲ್ಲಿ ಶುರುವಾದ ಮಾನಸ್ ಅನ್ನುವ ರಾಷ್ಟ್ರೀಯ ಮಾದಕ ವಸ್ತು ಸಹಾಯವಾಣಿ. ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ನಿಮ್ಮ ಹೆಸರು ಹೊರಬೀಳುತ್ತದೆಯೇ ಅಂತ ಮನೆಯವರಿಗೆ ಭಯ ಇರುತ್ತದೆ, ಅದು ಸಹಜ. ಮುಚ್ಚಿದ ಮನೆಯ ಒಳಗೆ ಮಾಲು ಇದೆ ಅಂತ ಯಾರಾದರೂ ಹೇಳಿದರೆ ಅಧಿಕಾರಿ ಅದನ್ನು ಬರೆದುಕೊಂಡು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಹಾಗಿದ್ದರೂ ಮಾಹಿತಿ ಯಾರಿಂದ ಬಂತು ಅಂತ ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ, ಎನ್‌ಡಿಪಿಎಸ್ ಕಾಯ್ದೆಯ 68ನೇ ಕಲಂನಲ್ಲೇ ಹಾಗಿದೆ. ಮಾಹಿತಿ ಕೊಟ್ಟವರು ಕೋರ್ಟಿಗೆ ಬರಬೇಕಾಗಿಲ್ಲ.

ಪಂಚರ ಮಾತು ಬೇರೆ. ತಪಾಸಣೆಯ ಹೊತ್ತಿಗೆ ಇಬ್ಬರು ಹೊರಗಿನವರು ಸಾಕ್ಷಿಗೆ ನಿಲ್ಲಬೇಕು. ಬಿಲ್ಡಿಂಗಿನವರು ಯಾರೂ ಬರುವುದಿಲ್ಲ, ಆಗ ಪೊಲೀಸರು ತಮಗೆ ಗೊತ್ತಿರುವ, ಹತ್ತು ಕೇಸಿನಲ್ಲಿ ನಿಂತ ಅದೇ ಮುಖವನ್ನು ತರುತ್ತಾರೆ. ಎರಡು ಮೂರು ವರ್ಷ ಆದ ಮೇಲೆ ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿದು ಅಲ್ಲಾಡಿಸುತ್ತಾರೆ. ಮೈ ತಪಾಸಣೆಗೆ ಮುಂಚೆ ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ತಪಾಸಣೆ ಆಗಲಿ ಅಂತ ಕೇಳುವ ಹಕ್ಕು ನಿನಗಿದೆ’ ಅಂತ ಹೇಳದೆ ಬಿಟ್ಟರೂ ಕೇಸು ಉದುರುತ್ತದೆ. 1999ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಬಲದೇವ್ ಸಿಂಗ್ ಕೇಸಿನಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್, ಅಂದರೆ ತನಿಖೆ, ವಿಚಾರಣೆಯ ಕ್ರಮ ಹೇಳುವ ಹೊಸ ಕಾನೂನಿನ ಪ್ರಕಾರ ತಪಾಸಣೆಯ ವಿಡಿಯೋ ತೆಗೆಯಬೇಕು. ಅದರಿಂದ ಸ್ವಲ್ಪ ಒಳ್ಳೆಯದಾಗಿದೆ. ಆದರೂ ನಿಮ್ಮ ಕಮಿಟಿಯಲ್ಲಿ ಮನೆಯ ಜವಾಬ್ದಾರಿ ಕಡಿಮೆ ಇರುವ, ಗಟ್ಟಿ ಮನಸ್ಸಿನ ಇಬ್ಬರು ಹಿರಿಯರು ಪಂಚರಾಗಿ ನಿಲ್ಲಲು ಒಪ್ಪಿದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಗದ್ದಲದ ವಿಷಯ ಬೇಗ ಮುಗಿಸುತ್ತೇನೆ. ಸಾರ್ವಜನಿಕ ಜಾಗದಲ್ಲಿ ಅಸಭ್ಯವಾಗಿ ನಡೆದರೆ, ಬೈದಾಡಿದರೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 110, 112, 117ನೇ ಕಲಂಗಳಿವೆ. ದಂಡ 1,200 ರೂಪಾಯಿವರೆಗೆ. ಸೈಲೆನ್ಸರ್ ತೆಗೆದ ಬೈಕು ಟ್ರಾಫಿಕ್ ಪೊಲೀಸರ ಕೆಲಸ, ನಂಬರ್ ಕೊಟ್ಟರೆ ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಸ್ಪೀಕರ್ ಹಾಕುವಂತಿಲ್ಲ, ಆಗ 112ಕ್ಕೆ ಫೋನ್ ಮಾಡಿ. ಅಷ್ಟೇ ಸಾಕು. ಇಪ್ಪತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಕೇಸು ಹಾಕಿಸಲು ಓಡಾಡಬೇಡಿ. ಗಲ್ಲಿಯನ್ನೇ ಹೆದರಿಸಿ ಇಟ್ಟ ದಾದಾ ಇದ್ದರೆ ತಡೀಪಾರ್ ಇದೆ, ಡಿಸಿಪಿ ಅವನನ್ನು ಎರಡು ವರ್ಷದವರೆಗೆ ಜಿಲ್ಲೆಯಿಂದ ಹೊರಗೆ ಹಾಕಬಹುದು. ಅದಕ್ಕೆ ಸಾಕ್ಷಿಗಳ ಮಾತನ್ನು ಗುಟ್ಟಾಗಿ ಬರೆದುಕೊಳ್ಳುತ್ತಾರೆ. ಮತ್ತೆ ಮತ್ತೆ ಮಾರಿ ಸಿಕ್ಕಿಬೀಳುವವನಿಗೆ 1981ರ ಎಂಪಿಡಿಎ ಅನ್ನುವ ಮಹಾರಾಷ್ಟ್ರದ ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಇದೆ, ಒಂದು ವರ್ಷದವರೆಗೆ ಒಳಗೆ ಇಡಬಹುದು. ಇವು ಕೊಡಲಿಯಂಥ ಆಯುಧ. ಹುಡುಗರ ಮೇಲೆ ಎತ್ತುವಂಥವಲ್ಲ.

ಕತ್ತಲಿಗೂ ಪೊಲೀಸರಿಗೂ ಏನು ಸಂಬಂಧ ಅನ್ನಬೇಡಿ. ಮಾರುವವನು ಜಾಗ ಆರಿಸುವುದೇ ಎರಡು ನೋಡಿ, ಬೆಳಕಿಲ್ಲದ ಮೂಲೆ, ಓಡಲು ಎರಡು ದಾರಿ. ನಿಮ್ಮ ಗಲ್ಲಿಯ ಕಂಬದ ಮೇಲೆ ನಂಬರ್ ಬರೆದಿರುತ್ತದೆ. ಯಾವ ಕಂಬ ಎಷ್ಟು ದಿನದಿಂದ ಉರಿಯುತ್ತಿಲ್ಲ ಅಂತ ಆ ನಂಬರಿನೊಂದಿಗೆ ನಿಮ್ಮ ವಿದ್ಯುತ್ ಕಂಪನಿಗೆ, ಬಿಎಂಸಿ ವಾರ್ಡ್ ಆಫೀಸಿಗೆ ಬರೆಯಿರಿ. ಬಿಎಂಸಿಯ ಫೋನ್ 1916. ಭಂಗಾರ್ ಗಾಡಿ ಎತ್ತಿಸಿ. ನಾಲಾ ಗೋಡೆ ಒಡೆದಿದ್ದರೆ ಮುಚ್ಚಿಸಿ. ನಾನು ಹೇಳಿದ ಟೀಚರ್ ಗಲ್ಲಿಯಲ್ಲಿ ಸ್ಕೂಟರಿನವನು ಸಿಕ್ಕ ಮೇಲೆ ಬೇರೆ ಒಬ್ಬ ಬಂದು ನಿಲ್ಲಲು ನೋಡಿದ. ಅಷ್ಟರಲ್ಲಿ ಎರಡು ದೀಪ ಬಂದಿದ್ದವು, ಕೊನೆಯ ಕಂಬದ ಕೆಳಗೆ ಹೆಂಗಸರು ರಾತ್ರಿ ಊಟ ಆದ ಮೇಲೆ ಕುರ್ಚಿ ಹಾಕಿ ಕೂರುತ್ತಿದ್ದರು. ಅವನು ನಾಲ್ಕು ದಿನ ನೋಡಿ ಹೋದ.

ಠಾಣೆಯಲ್ಲಿ ಮೊಹಲ್ಲಾ ಸಮಿತಿ ಇದೆಯೇ ವಿಚಾರಿಸಿ, ಅದರಲ್ಲಿ ನಿಮ್ಮಂಥ ಹೆಂಗಸರು ಸೇರಬೇಕು. ಮುಂಬೈ ಹತ್ತಿರದ ಭಿವಂಡಿಯಲ್ಲಿ 1984ರಲ್ಲಿ ಭೀಕರ ಕೋಮು ಗಲಭೆ ಆಗಿತ್ತು. ಆಮೇಲೆ ಅಲ್ಲಿ ಡಿಸಿಪಿ ಆಗಿದ್ದ ಸುರೇಶ್ ಖೋಪಡೆ ಬೀದಿ ಬೀದಿಯಲ್ಲಿ ಇಂಥ ಸಮಿತಿ ಕಟ್ಟಿದರು. 1992-93ರಲ್ಲಿ ಮುಂಬೈ ಉರಿಯುವಾಗ ಭಿವಂಡಿ ತಣ್ಣಗಿತ್ತು. ಆಮೇಲೆ ಮುಂಬೈಯಲ್ಲೂ ಆಗಿನ ಕಮಿಷನರ್ ಸತೀಶ್ ಸಾಹ್ನಿ, ಮಾಜಿ ಕಮಿಷನರ್ ಜೂಲಿಯೊ ರಿಬೇರೊ ಮುಂತಾದವರು ಸೇರಿ ಮೊಹಲ್ಲಾ ಸಮಿತಿಗಳನ್ನು ಬೆಳೆಸಿದರು. ಕೋಮು ಜಗಳ ತಡೆಯಲು ಹುಟ್ಟಿದ ಸಮಿತಿ ಅದು, ನಿಜ. ಪೊಲೀಸರೂ ಗಲ್ಲಿಯವರೂ ತಿಂಗಳಿಗೊಮ್ಮೆ ಮುಖ ನೋಡಿ ಮಾತಾಡಿದರೆ ಪುಡಿಯ ವಿಷಯವೂ ಅಲ್ಲೇ ಬರುತ್ತದೆ.

ಕೊನೆಗೆ ನಿಮ್ಮ ಮಗ, ಅವನ ಗೆಳೆಯ. ಮಗನ ಹತ್ತಿರ ಮಾಹಿತಿ ಕೀಳಲು ಹೋಗಬೇಡಿ, ಅವನನ್ನು ಖಬರಿ, ಅಂದರೆ ಗುಟ್ಟಾಗಿ ಸುದ್ದಿ ಕೊಡುವವನನ್ನಾಗಿ ಮಾಡಬೇಡಿ. ಯಾರೇ ಪೊಲೀಸಿನವರು ‘ಮಗನಿಂದ ಕೇಳಿ ಹೇಳಿ’ ಅಂದರೂ ಒಪ್ಪಬೇಡಿ. ಹದಿನೆಂಟು ತುಂಬದ ಮಕ್ಕಳ ಕೈಯಲ್ಲಿ ಮಾಲು ಸಾಗಿಸುವವನಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಮಕ್ಕಳನ್ನು ಹೀಗೆ ಬಳಸುತ್ತಿರುವುದು ಕಂಡರೆ ನೋಟ್‌ಬುಕ್‌ಗೂ ಕಾಯದೆ ಅವತ್ತೇ ಹೇಳಿ.

ಆ ಗೆಳೆಯನ ತಾಯಿಯನ್ನು ಒಂದು ಸಲ ಕಾಣಿ. ದೂರುವುದಕ್ಕಲ್ಲ. ಅವರಿಗೆ ಆಗಲೇ ಗೊತ್ತಿರುತ್ತದೆ, ಪರ್ಸಿನ ದುಡ್ಡು ಕಡಿಮೆ ಆಗಿರುತ್ತದೆ, ಹುಡುಗ ರಾತ್ರಿ ನಿದ್ದೆ ಮಾಡುತ್ತಿರುವುದಿಲ್ಲ. ಹೇಳಿಕೊಳ್ಳಲು ಯಾರೂ ಇರುವುದಿಲ್ಲ, ಅಷ್ಟೇ. ಪೊಲೀಸ್ ಕೇಸು ಆಗುತ್ತದೆ ಅಂತ ಆಸ್ಪತ್ರೆಗೂ ಹೋಗಿರುವುದಿಲ್ಲ. ಚಿಕಿತ್ಸೆಗೆ ಹೋದರೆ ಕೇಸು ಆಗುವುದಿಲ್ಲ ಅಂತ ಅವರಿಗೆ ಹೇಳಿ. ಸೇವಿಸಿದ ಅಥವಾ ಸಣ್ಣ ಪ್ರಮಾಣದ ಕೇಸು ಆದವನು ಕೂಡ ತಾನಾಗಿ ಬಂದು ಮಾನ್ಯತೆ ಇರುವ ಕಡೆ ಚಿಕಿತ್ಸೆ ಪೂರ್ತಿ ಮಾಡಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವನಿಗೆ ವಿನಾಯಿತಿ ಕೊಡುತ್ತದೆ. 14446ಕ್ಕೆ ಫೋನ್ ಮಾಡಿದರೆ ವ್ಯಸನ ಬಿಡಿಸುವ ಸಲಹೆ ಸಿಗುತ್ತದೆ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಅದಕ್ಕೇ ವಿಭಾಗ ಇದೆ. ನಿಮಗೆ ಸಾಯನ್ ಆಸ್ಪತ್ರೆ ಹತ್ತಿರ ಆಗಬಹುದು, ಅಲ್ಲಿ ಮಾನಸಿಕ ರೋಗ ವಿಭಾಗದ ಒಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಸಾಲಿನಲ್ಲಿ ನಿಲ್ಲಬೇಕು. ಮೊದಲ ದಿನ ಆ ತಾಯಿಯ ಜೊತೆ ನೀವೂ ಹೋಗಿ ಬನ್ನಿ.